ಮೊಟ್ಟೆಗಿಂತ ಮೊದಲು ನೀರು

ಆಗಸ್ಟ್ ತಿಂಗಳ ಮೂರನೆಯ ಭಾನುವಾರ, ಬೆಳಗ್ಗೆ ಆರೂವರೆ. ಸ್ಥಳ, ಗಂಗಾವತಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಖೈರುನ್ನಿಸಾ ಮತ್ತು ಪಕ್ಕದ ಓಣಿಯ ಮಂಜುಳಾ. ಮಂಜುಳಾಳ ತಾಯಿ ಶಾಂತವ್ವ ಬಂದದ್ದು ಎಂಟು ಗಂಟೆಗೆ, ಉಪ್ಪಿಟ್ಟಿನ ಡಬ್ಬಿ ಹಿಡಿದುಕೊಂಡು.

ಮೇಜಿನ ಮೇಲೆ ನಾಲ್ಕು ಗಾಜಿನ ತಟ್ಟೆಗಳಿದ್ದವು. ಹಿಂದಿನ ದಿನ ಇದೇ ಹೊತ್ತಿಗೆ ಅವುಗಳಲ್ಲಿ ಉಪ್ಪುನೀರು ತುಂಬಿ, ಚಿಟಿಕೆಯಷ್ಟು ಮೊಟ್ಟೆ ಉದುರಿಸಿ, ಮೇಲೆ ದೀಪ ಹಚ್ಚಿಟ್ಟಿದ್ದೆವು. ಅವು ಆರ್ಟೀಮಿಯಾ ಎನ್ನುವ ಉಪ್ಪುನೀರಿನ ಸಣ್ಣ ಸೀಗಡಿಯ ಮೊಟ್ಟೆಗಳು. ನೋಡಲು ಚಹಾಪುಡಿಯ ಧೂಳಿನಂತಿರುತ್ತವೆ. ಡಬ್ಬಿಯಲ್ಲಿ ವರ್ಷಗಟ್ಟಲೆ ಒಣಗಿ ಕೂತಿದ್ದು, ಉಪ್ಪುನೀರು ತಾಗಿದರೆ ಒಂದು ಹಗಲು ಒಂದು ರಾತ್ರಿಯಲ್ಲಿ ಒಡೆದು ಮರಿಯಾಗುತ್ತವೆ. ಸಮುದ್ರವಿಲ್ಲದ ನಮ್ಮ ಜಿಲ್ಲೆಯಲ್ಲಿ ಉಪ್ಪುನೀರಿನ ಜೀವಿಯ ಮೊಟ್ಟೆಯ ಮೇಲೆ ಪ್ರಯೋಗ ಮಾಡಬೇಕೆಂದರೆ ಇದೊಂದೇ ದಾರಿ. ಅಲಂಕಾರದ ಮೀನು ಮಾರುವ ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ.

ನಾನು ನಿವೃತ್ತನಾದದ್ದು ಕರಾವಳಿಯ ಒಂದು ಸಂಶೋಧನಾ ಕೇಂದ್ರದಿಂದ. ಅಲ್ಲಿ ತಾಂತ್ರಿಕ ಸಹಾಯಕನಾಗಿದ್ದೆ. ಬಡ್ತಿಗಳ ವಿಷಯ ಬಿಡುತ್ತೇನೆ, ಅವು ತಡವಾಗಿಯಾದರೂ ಬಂದವು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರುವವರಿಗೆ ಉಪಯೋಗವಾಗುವ ಸಂಗತಿ ಬೇರೆ ಇದೆ. ಅದನ್ನು ಈ ನಾಲ್ಕು ತಟ್ಟೆಗಳ ಮೂಲಕವೇ ಹೇಳುವುದು ಸುಲಭ.

ಮಂಜುಳಾ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದವಳು. ಅವಳ ತಾಯಿ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುತ್ತಾರೆ. ನಾನಿದ್ದ ಕೇಂದ್ರದಲ್ಲಿಯೇ ಒಂದು ಜಾಗ ಖಾಲಿಯಾಗಿ, ಮಂಗಳವಾರ ಇವಳಿಗೆ ಸಂದರ್ಶನವಿತ್ತು. ಸ್ವಂತವಾಗಿ ಮಾಡಿದ ಒಂದು ಕೆಲಸವನ್ನು ಹತ್ತು ನಿಮಿಷ ವಿವರಿಸಬೇಕೆಂದು ಕೇಳಿದ್ದರು. ಇವಳು ಆರಿಸಿ ಬರೆದು ಕಳಿಸಿದ ವಿಷಯ ಕಡಲಪಾಚಿ. ನಮ್ಮ ಕಾಲುವೆ ಪ್ರದೇಶದಲ್ಲಿ ಕಡಲಪಾಚಿ ಅಪರಿಚಿತವೇನಲ್ಲ. ಅದರ ರಸವನ್ನು ಬಾಟಲಿಯಲ್ಲಿ ತುಂಬಿ ಗೊಬ್ಬರದ ಅಂಗಡಿಯಲ್ಲಿ ಮಾರುತ್ತಾರೆ, ಭತ್ತಕ್ಕೆ ಸಿಂಪಡಿಸುತ್ತಾರೆ. ಗದ್ದೆಯಲ್ಲಿ ಅದು ಏನು ಮಾಡುತ್ತದೆಂದು ಎಲ್ಲರೂ ಕೇಳುತ್ತಾರೆ, ಅದು ಬೆಳೆಯುವ ನೀರಿನಲ್ಲಿ ಏನು ಮಾಡುತ್ತದೆಂದು ಯಾರೂ ಕೇಳಿಲ್ಲ ಎಂಬುದು ಅವಳ ಮಾತು. ಒಳ್ಳೆಯ ಪ್ರಶ್ನೆ. ಕಾಲೇಜಿನ ಪ್ರವಾಸದಲ್ಲಿ ತಂದು ಒಣಗಿಸಿಟ್ಟಿದ್ದ ಕೆಂಪು ಪಾಚಿಯನ್ನು ಪುಡಿ ಮಾಡಿ, ನೀರಿನಲ್ಲಿ ನೆನೆಹಾಕಿ, ಸೋಸಿ ರಸ ತೆಗೆದಿದ್ದಳು.

ಶುಕ್ರವಾರ ಅವಳು ಫೋಟೊಗಳನ್ನು ತಂದು ತೋರಿಸಿದಳು. ಬರೀ ಉಪ್ಪುನೀರಿನ ತಟ್ಟೆಯಲ್ಲಿ ಮರಿಗಳು ಗಿಜಿಗುಡುತ್ತಿದ್ದವು. ಪಾಚಿಯ ರಸ ಹಾಕಿದ ತಟ್ಟೆಯಲ್ಲಿ ಒಂದೂ ಮರಿಯಿಲ್ಲ, ಮೊಟ್ಟೆಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದವು.

“ಕಾಕಾರ, ಪುಸ್ತಕದಾಗ ಹೆಂಗ ಬರದಾರಲ್ರಿ, ಹಂಗ ಆಗೇತಿ ನೋಡ್ರಿ,” ಎಂದಳು.

ಪುಸ್ತಕದಲ್ಲಿ ಇರುವುದು ನಿಜ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ನಾನು ಹುಟ್ಟಿದ್ದು ಗಿಣಿಗೇರಾದಲ್ಲಿ. ತಂದೆ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಗಾಡಿ ತಡವಾಗಬಹುದು, ಅವರು ತಡವಾಗುವಂತಿರಲಿಲ್ಲ. ಮನೆಯಲ್ಲಿ ಊಟ, ನಿದ್ದೆ, ಪಾಠ ಎಲ್ಲವೂ ಗಂಟೆಯ ಪ್ರಕಾರ ನಡೆಯುತ್ತಿದ್ದವು. ಕೆಲಸಕ್ಕೆ ಸೇರುವವರೆಗೆ ನಾನು ಸಮುದ್ರ ನೋಡಿರಲಿಲ್ಲ. ಮೊದಲ ದಿನ ಅಲ್ಲಿಯ ಜವಾನ ನನ್ನ ರೊಟ್ಟಿಯ ಗಂಟು ನೋಡಿ, “ಬಯಲುಸೀಮೆಯ ಸಾಹೇಬರು ಈಜಲಿಕ್ಕೆ ಬಂದಿದ್ದಾ, ಕೆಲಸಕ್ಕಾ?” ಎಂದು ಕೇಳಿದ. ಎರಡು ತಿಂಗಳಾದ ಮೇಲೆ ಅದೇ ಜವಾನ ಮಧ್ಯಾಹ್ನ ನನ್ನ ಡಬ್ಬಿಯಿಂದ ರೊಟ್ಟಿ ಮುರಿದುಕೊಳ್ಳುತ್ತಿದ್ದ.

ನಮ್ಮ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಮೇಡಮ್ ಎನ್ನುತ್ತಿದ್ದರು. ಅವರ ಕೆಲಸ ಸೀ ಅರ್ಚಿನ್ ಎನ್ನುವ ಜೀವಿಯ ಮೊಟ್ಟೆಗಳ ಮೇಲೆ. ಅಂಗೈಯಲ್ಲಿ ಹಿಡಿಯುವಷ್ಟು ದುಂಡಗಿನ ಪ್ರಾಣಿ, ಮೈತುಂಬ ಮುಳ್ಳು. ಸೂಜಿಯಿಂದ ಒಂದು ಲವಣದ ದ್ರಾವಣ ಚುಚ್ಚಿ ಬೋರಲಾಗಿ ಹಿಡಿದರೆ ಹಳದಿ ಎಳೆಯ ಹಾಗೆ ಮೊಟ್ಟೆ ಸುರಿಯುತ್ತದೆ. ಗಂಡಿನ ವೀರ್ಯ ಬೆರೆಸಿದರೆ ನೋಡನೋಡುತ್ತಿದ್ದಂತೆ ಮೊಟ್ಟೆಯ ಸುತ್ತ ಒಂದು ಪೊರೆ ಏಳುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಒಂದು ಎರಡಾಗುವ ತಯಾರಿಯಲ್ಲಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಸಾಕೆನಿಸಲಿಲ್ಲ.

ಕಡಲಪಾಚಿಯ ಕೆಲವು ಪ್ರೋಟೀನುಗಳು ಇಲ್ಲಿ ಕೈಯಾಡಿಸುತ್ತವೆ. ಮೊಟ್ಟೆಯ ಮೈಮೇಲೆ ಒಂದು ಬಗೆಯ ಸಕ್ಕರೆಯ ಎಳೆಗಳಿರುತ್ತವೆ. ಗದ್ದೆಯ ಬದುವಿನಲ್ಲಿ ನಡೆದರೆ ಉತ್ತರಾಣಿಯ ಕಾಳು ಧೋತರಕ್ಕೆ ಹತ್ತಿಕೊಳ್ಳುವಂತೆ ಈ ಪ್ರೋಟೀನು ಆ ಎಳೆಗಳಿಗೆ ಹತ್ತಿಕೊಳ್ಳುತ್ತದೆ. ಒಂದೇ ಕಾಳು ಎರಡು ಧೋತರಗಳಿಗೆ ಹತ್ತಿದರೆ ಎರಡೂ ಜೋಡಿಯಾಗುತ್ತವಲ್ಲ, ಹಾಗೆ ಮೊಟ್ಟೆಗಳು ಒಂದಕ್ಕೊಂದು ಅಂಟುತ್ತವೆ. ಕೆಲವು ಸಲ ವೀರ್ಯಕ್ಕೆ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಕೆಲವು ಸಲ ಒಳಗೆ ಹೋದರೂ ಮೊಟ್ಟೆ ಒಡೆದು ಎರಡಾಗುವುದಿಲ್ಲ. ಎಲ್ಲ ಪಾಚಿಯೂ ಹೀಗೆ ಮಾಡುವುದಿಲ್ಲ, ಎಲ್ಲ ಮೊಟ್ಟೆಯೂ ಹೀಗೆ ಆಗುವುದಿಲ್ಲ. ಅದನ್ನು ಒಂದೊಂದಾಗಿ ನೋಡುವುದೇ ನಮ್ಮ ಉದ್ಯೋಗವಾಗಿತ್ತು.

ದೊಡ್ಡ ಮೇಡಮ್ ಬೆಳಗ್ಗೆ ಬಂದು ಮೊದಲು ಕೇಳುತ್ತಿದ್ದದ್ದು ಮೊಟ್ಟೆಯ ವಿಷಯವಲ್ಲ. “ಇವತ್ತಿನ ನೀರು ಎಲ್ಲಿದು?” ಎಂದು ಕೇಳುತ್ತಿದ್ದರು. ಯಾವ ದಂಡೆಯದು, ಯಾರು ತಂದದ್ದು, ಯಾವ ಕ್ಯಾನಿನಲ್ಲಿ ಎಂದು ಉತ್ತರ ಬರುವವರೆಗೆ ಕುರ್ಚಿಯ ಮೇಲೆ ಕೂರುತ್ತಿರಲಿಲ್ಲ. ಹೊಸಬರಿಗೆ ಇದು ನಗೆಯ ವಿಷಯ. ನನ್ನ ಜೊತೆಗೆ ಸೇರಿದ್ದ ನಾಯಕ್ ಎಂಬ ಸಂಶೋಧಕ ಅವರ ದನಿಯನ್ನು ಹಾಗೆಯೇ ಅನುಕರಿಸಿ ಕ್ಯಾಂಟೀನಿನಲ್ಲಿ ಚಹಾದ ಲೋಟ ಹಿಡಿದು ಕೇಳುತ್ತಿದ್ದ.

ಆ ನಾಯಕ್ ಒಂದು ಮಳೆಗಾಲದಲ್ಲಿ ಹೊಸ ಪ್ರೋಟೀನು ಕಂಡುಹಿಡಿದ. ಅದು ಸೋಕಿದರೆ ಸಾಕು, ಅರ್ಚಿನ್ ಮೊಟ್ಟೆಗಳು ಉಬ್ಬಿ ಒಡೆದುಹೋಗುತ್ತಿದ್ದವು. ಹಾಗೆ ಮಾಡುವ ಪ್ರೋಟೀನನ್ನು ನಾವ್ಯಾರೂ ಕಂಡಿರಲಿಲ್ಲ. ನಾಯಕ್ ಎಲ್ಲರಿಗೂ ಪೇಡೆ ಹಂಚಿದ. ದೊಡ್ಡ ಮೇಡಮ್ ಪೇಡೆ ಕೈಯಲ್ಲಿ ಹಿಡಿದು ಅದೇ ಪ್ರಶ್ನೆ ಕೇಳಿದರು. ಹೋಲಿಕೆಯ ತಟ್ಟೆಗೆ ಹಾಕಿದ್ದು ಹಳೆಯ ಕ್ಯಾನಿನ ನೀರು. ಪ್ರೋಟೀನನ್ನು ಕರಗಿಸಿದ್ದು ಆ ದಿನ ತಂದ ನೀರಿನಲ್ಲಿ. ಆ ದಿನದ ನೀರನ್ನು ಮಳೆಗೆ ಹೆದರಿ ನದಿಯ ಅಳಿವೆಯ ಹತ್ತಿರವೇ ತುಂಬಿಕೊಂಡು ಬಂದಿದ್ದರು. ಅದು ಅರ್ಧಕ್ಕರ್ಧ ಸಿಹಿನೀರು. ಸಿಹಿನೀರಿನಲ್ಲಿ ಕಡಲಿನ ಮೊಟ್ಟೆ ಉಬ್ಬಿ ಒಡೆಯುವುದಕ್ಕೆ ಪ್ರೋಟೀನು ಬೇಕಿಲ್ಲ. ಮೇಡಮ್ ಪೇಡೆ ಬಾಯಿಗೆ ಹಾಕಿಕೊಂಡು, “ಪೇಡೆಯಲ್ಲಿ ದೋಷವಿಲ್ಲ,” ಎಂದು ತಮ್ಮ ಕೋಣೆಗೆ ಹೋದರು.

ಆಮೇಲೆ ಅವರು ಒಂದು ನಿಯಮ ಮಾಡಿದರು. ಪ್ರೋಟೀನಿನ ಪ್ರತಿ ತಟ್ಟೆಯ ಪಕ್ಕದಲ್ಲಿ ಇನ್ನೂ ಎರಡು ತಟ್ಟೆ. ಒಂದರಲ್ಲಿ ಅದೇ ರಸವನ್ನು ಕುದಿಸಿ ಆರಿಸಿ ಹಾಕಬೇಕು. ಇಂಥ ಪ್ರೋಟೀನುಗಳಲ್ಲಿ ಹೆಚ್ಚಿನವು ಕುದಿಸಿದರೆ ಕೆಡುತ್ತವೆ, ಆದ್ದರಿಂದ ಅಲ್ಲಿ ಮೊಟ್ಟೆ ಸರಿಯಾಗಿರಬೇಕು. ಇನ್ನೊಂದರಲ್ಲಿ ಪಾಚಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇರಬೇಕು: ಅದೇ ನೀರು, ಅದೇ ಉಪ್ಪು, ಅದೇ ಬಟ್ಟೆಯಲ್ಲಿ ಸೋಸಿದ್ದು. ಆ ಎರಡೂ ಮಾತಾಡಿದ ಮೇಲೆ ಮೊದಲನೆಯದರ ಮಾತು ಕೇಳಬೇಕು.

ಮುಂದೆ ವಿಧಾನಗಳು ಬಹಳ ಬದಲಾದವು. ನಾನು ಸೇರಿದಾಗ ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣಿಟ್ಟು ಹೆಬ್ಬೆರಳಿನಿಂದ ಎಣಿಕೆಯ ಗುಂಡಿ ಒತ್ತುತ್ತಿದ್ದೆವು. ಕಡೆಯ ವರ್ಷಗಳಲ್ಲಿ ಕ್ಯಾಮೆರಾ ಬಂತು, ಕಂಪ್ಯೂಟರೇ ಎಣಿಸತೊಡಗಿತು. ಮೊದಲ ವಾರ ಅದು ನೀರಿನ ಗುಳ್ಳೆಗಳನ್ನೂ ಮೊಟ್ಟೆಯೆಂದೇ ಎಣಿಸಿ ಇಡೀ ಕೇಂದ್ರವನ್ನು ಸಂತೋಷದಲ್ಲಿ ಇಟ್ಟಿತ್ತು. ಮೇಡಮ್ ಅವರ ಎರಡು ತಟ್ಟೆಗಳು ಮಾತ್ರ ಬದಲಾಗಲಿಲ್ಲ.

ಆದ್ದರಿಂದ ಶುಕ್ರವಾರ ಮಂಜುಳಾಳ ಫೋಟೊ ನೋಡಿ ನಾನು ಹೊಗಳಲಿಲ್ಲ. ಉಳಿದ ಎರಡು ತಟ್ಟೆ ಎಲ್ಲಿ ಎಂದು ಕೇಳಿದೆ. ಅವಳ ಮುಖ ಸಣ್ಣದಾಯಿತು. ಶನಿವಾರ ಬೆಳಗ್ಗೆ ಫ್ರಿಜ್ಜಿನಲ್ಲಿಟ್ಟಿದ್ದ ರಸವನ್ನೂ, ಪಾಚಿ ನೆನೆಹಾಕಲು ಬಳಸಿ ಉಳಿದಿದ್ದ ನೀರನ್ನು ಇನ್ನೊಂದು ಬಾಟಲಿಯಲ್ಲೂ, ಸೋಸಿದ ಬಟ್ಟೆಯನ್ನೂ ತಂದಳು. ಒಣಗಿದ ಪಾಚಿ ಅಷ್ಟೂ ಮುಗಿದಿತ್ತು, ಮತ್ತೆ ರಸ ತೆಗೆಯುವಂತಿರಲಿಲ್ಲ. ಇದ್ದದ್ದರಲ್ಲಿ ನಾಲ್ಕು ತಟ್ಟೆ ಇಟ್ಟೆವು. ಒಂದನೆಯದು ಬರೀ ಉಪ್ಪುನೀರು, ಎರಡನೆಯದು ಉಪ್ಪು ಬೆರೆಸಿದ ಪಾಚಿಯ ರಸ, ಮೂರನೆಯದು ಅದನ್ನೇ ಕುದಿಸಿ ಆರಿಸಿದ್ದು, ನಾಲ್ಕನೆಯದು ಉಪ್ಪು ಬೆರೆಸಿ ಅದೇ ಬಟ್ಟೆಯಲ್ಲಿ ಸೋಸಿದ, ಪಾಚಿ ಹಾಕದ ಆ ಬಾಟಲಿಯ ನೀರು. ಅವಳ ಮಾತು ನಿಜವಾದರೆ ಭಾನುವಾರ ಎರಡನೆಯ ತಟ್ಟೆಯೊಂದನ್ನು ಬಿಟ್ಟು ಉಳಿದ ಮೂರರಲ್ಲೂ ಮರಿಗಳಿರಬೇಕಿತ್ತು.

ಭಾನುವಾರ ದೀಪ ಆರಿಸಿ, ಕಿಟಕಿ ಮುಚ್ಚಿ, ಒಂದನೆಯ ತಟ್ಟೆಯ ಬದಿಗೆ ಟಾರ್ಚ್ ಹಿಡಿದೆ. ಆರ್ಟೀಮಿಯಾ ಮರಿ ಬೆಳಕಿನ ಕಡೆಗೆ ಈಜುತ್ತದೆ. ಕಿತ್ತಳೆ ಬಣ್ಣದ ಚುಕ್ಕೆಗಳು ಟಾರ್ಚಿನ ಕಡೆಗೆ ಬಂದು ಗುಂಪಾದವು. ಎರಡನೆಯದರಲ್ಲಿ ಏನೂ ಅಲುಗಲಿಲ್ಲ, ಮೊಟ್ಟೆಗಳು ಉಂಡೆಯಾಗಿ ತಳದಲ್ಲಿದ್ದವು. ಮಂಜುಳಾ ಉಸಿರು ಬಿಟ್ಟಳು. ಮೂರನೆಯದಕ್ಕೆ ಟಾರ್ಚ್ ಹಿಡಿದೆ. ಅಲ್ಲಿಯೂ ಏನೂ ಅಲುಗಲಿಲ್ಲ. ನಾಲ್ಕನೆಯದರಲ್ಲೂ ಇಲ್ಲ. ಪಾಚಿಯೇ ಇಲ್ಲದ ತಟ್ಟೆಯಲ್ಲಿ ಅದೇ ಉಂಡೆಗಳು.

ಅವಳು ಟಾರ್ಚ್ ಇಸಿದುಕೊಂಡು ನಾಲ್ಕನೆಯ ತಟ್ಟೆಯ ಸುತ್ತಲೂ ಹಿಡಿದು ನೋಡಿದಳು. ಆಮೇಲೆ ಆರಿಸಿ ಮೇಜಿನ ಮೇಲಿಟ್ಟಳು.

“ಪ್ರೋಟೀನಲ್ರಿ ಕಾಕಾರ ಇದು,” ಎಂದಳು.

ನನ್ನ ಗುಮಾನಿ ಬಟ್ಟೆಯ ಮೇಲಿತ್ತು. ಹೊಸ ಬಟ್ಟೆಗೆ ಗಂಜಿ ಇರುತ್ತದೆ, ತೊಳೆದದ್ದಕ್ಕೆ ಸಾಬೂನು ಇರುತ್ತದೆ. ಆದರೆ ಅವಳು ಒಂದನೆಯ ತಟ್ಟೆಯ ನೀರನ್ನೂ ಅದೇ ಬಟ್ಟೆಯಲ್ಲಿ ಸೋಸಿದ್ದಾಗಿ ಹೇಳಿದಳು, ನನ್ನ ಗುಮಾನಿ ಅಲ್ಲಿಗೆ ಬಿತ್ತು. ಹಾಗಾದರೆ ನೀರು. ಒಂದನೆಯ ತಟ್ಟೆಗೆ ಅವಳು ಬಳಸಿದ್ದು ಬ್ಯಾಟರಿ ಅಂಗಡಿಯಿಂದ ತಂದ ಶುದ್ಧ ನೀರು. ಪಾಚಿ ನೆನೆಹಾಕಲು ಬಹಳ ನೀರು ಬೇಕಾದ್ದರಿಂದ ಅದಕ್ಕೆ ಮನೆಯದನ್ನೇ ಬಳಸಿದ್ದಳು. ಬೋರ್‌ವೆಲ್ಲಿನ ನೀರಿರಬೇಕು, ಅದರ ಲವಣಗಳದ್ದೇ ತೊಂದರೆ ಎಂದೆ. ಅದೂ ತಪ್ಪಾಯಿತು.

“ಬೋರಿಂದಲ್ರಿ, ಕಾಲುವಿ ನೀರು,” ಎಂದವಳು ಅಲ್ಲಿಗೇ ಮಾತು ನಿಲ್ಲಿಸಿ, ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ಆಗಸ್ಟಿನಲ್ಲಿ ಕಾಲುವೆಯ ನೀರು ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಹೊಸ ನೀರು ಬಿಟ್ಟಿರುತ್ತಾರೆ, ಕೆಂಪು ರಾಡಿ. ಬಾಟಲಿಯ ನೀರು ಮಾತ್ರ ಕನ್ನಡಿಯಂತಿತ್ತು.

ಅಷ್ಟರಲ್ಲಿ ಶಾಂತವ್ವ ಉಪ್ಪಿಟ್ಟು ತಂದರು. ಮಗಳು ಬಾಗಿಲಲ್ಲೇ ಕೇಳಿದಳು: “ಅವ್ವಾ, ಹಂಡೇಕ ಪಟಕ ಹಾಕಿದ್ಯನು?”

“ಹಾಕಲಾರದ ಮತ್ತ? ಈ ರಾಡಿ ನೀರು ಯಾರ ಕುಡೀತಾರ?” ಎಂದರು ಶಾಂತವ್ವ. “ನಿನ್ನ ಪರೀಕ್ಷಾಕ ಬೇಕಂದಿ ಅಂತ ಅವತ್ತ ಒಂದೆರಡು ಸುತ್ತು ಹೆಚ್ಚಿಗೀನ ತಿರುವೀನಿ. ಛಲೋ ತಿಳಿ ಆಗಿತ್ತಿಲ್ಲೊ?”

ಪಟಕದ, ಅಂದರೆ ಆಲಮ್‌ನ, ಹರಳನ್ನು ಹಂಡೆಯ ನೀರಿನಲ್ಲಿ ತಿರುಗಿಸಿದರೆ ರಾಡಿಯೆಲ್ಲ ಉಂಡೆಗಟ್ಟಿ ತಳಕ್ಕೆ ಕೂರುತ್ತದೆ. ನಮ್ಮ ಮನೆಗಳಲ್ಲಿ ಅದು ಅನ್ನಕ್ಕೆ ಉಪ್ಪು ಹಾಕಿದಷ್ಟು ಸಹಜ. ನೀರಿಗೆ ಏನಾದರೂ ಹಾಕಿದ್ದೀರಾ ಎಂದರೆ ಯಾರೂ ಪಟಕದ ಹೆಸರು ಹೇಳುವುದಿಲ್ಲ, ಅದು ಹಾಕಿದ ಲೆಕ್ಕಕ್ಕೇ ಬರುವುದಿಲ್ಲ. ಮಂಜುಳಾ ಮನೆಯಲ್ಲಿದ್ದ ಅತ್ಯಂತ ತಿಳಿಯಾದ ನೀರನ್ನು ಆರಿಸಿದ್ದಳು. ರಾಡಿಯನ್ನು ಉಂಡೆಗಟ್ಟಿಸಿದ್ದು ಮೊಟ್ಟೆಗಳನ್ನೂ ಉಂಡೆಗಟ್ಟಿಸಿತ್ತು. ಪಟಕ ನೀರಿಗೆ ಹುಳಿಯನ್ನೂ ತರುತ್ತದೆ, ಹುಳಿ ನೀರಿನಲ್ಲಿ ಆರ್ಟೀಮಿಯಾ ಒಡೆಯುವುದಿಲ್ಲ. ಅವಳ ಹತ್ತಿರ ಲಿಟ್ಮಸ್ ಕಾಗದವಿತ್ತು. ನಾಲ್ಕನೆಯ ತಟ್ಟೆಯಲ್ಲಿ ಅದ್ದಿದಳು. ನೀಲಿ ಕಾಗದ ಕೆಂಪಾಯಿತು.

ಶಾಂತವ್ವನಿಗೆ ಎಲ್ಲ ತಿಳಿಸಿದೆವು. ಅವರು ಕುರ್ಚಿಯ ಅಂಚಿನಲ್ಲಿ ಕೂತು ಪೂರ್ತಿ ಕೇಳಿದರು. ಮಗಳು ಮಂಗಳವಾರ ಹೋಗುವ ಸುದ್ದಿ ಖಾನಾವಳಿಗೆ ಬರುವ ಡ್ರೈವರುಗಳಿಗೆಲ್ಲ ಗೊತ್ತಿತ್ತು. ಈ ಜಾಗ ಸಿಗದಿದ್ದರೆ ಮುಂದಿನ ಅವಕಾಶ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

“ಫೋಟೊ ಅದಾವಲ್ಲ,” ಎಂದರು ಕಡೆಗೆ, ನನ್ನ ಮುಖ ನೋಡದೆ. “ಅವನ್ನ ತೋರ್ಸಿ ಬಾ. ಅವರೇನು ನಮ್ಮ ಹಂಡೆ ನೋಡಾಕ ಗಂಗಾವತಿಗಿ ಬರ್ತಾರನ?”

“ಬರಂಗಿಲ್ಲವ್ವಾ. ಆದ್ರ ಕೆಲಸಕ್ಕ ತಗೊಂಡ ಮ್ಯಾಲ ಇದನ್ನ ಅಲ್ಲಿ ಮತ್ತ ಮಾಡು ಅಂತಾರ. ಅಲ್ಲಿ ನಿನ್ನ ಹಂಡೆ ಇರಂಗಿಲ್ಲ.”

ಶಾಂತವ್ವ ನನ್ನ ಕಡೆ ತಿರುಗಿ, “ಅಣ್ಣಾರ, ನೀವರ ಒಂದ್ ಮಾತು ಫೋನ್ ಮಾಡಿ ಹೇಳ್ರಿ. ನಿಮ್ಮ ಆಫೀಸ ಅಲ್ರಿ ಅದು,” ಎಂದರು. ಅದು ನನ್ನ ಆಫೀಸಾಗಿ ಉಳಿದಿಲ್ಲ, ಮತ್ತು ಕೆಲಸ ಮಾಡಬೇಕಾದವಳು ಅವಳು ಎಂದೆ. ನನ್ನ ಹೆಂಡತಿಗೆ ಆ ಉತ್ತರ ಇಷ್ಟವಾಗಲಿಲ್ಲ.

“ಇವರನ್ನ ಕೇಳಬ್ಯಾಡ್ರಿ ಅಕ್ಕಾರ,” ಎಂದಳು ಖೈರುನ್ನಿಸಾ. “ಬೇಸಿಗ್ಯಾಗ ದಣದು ಬಂದಾಗ ನೀರು ಕೊಟ್ಟರ, ಕುಡಿಯೂದು ಬಿಟ್ಟು ಎಲ್ಲಿದು ಅಂತ ಕೇಳೋ ಮನುಷ್ಯಾ ಇವರು.”

ಎಲ್ಲರಿಗಿಂತ ಹೆಚ್ಚು ನಕ್ಕವಳು ಮಂಜುಳಾ. ನಗು ಮುಗಿಸಿ, ಉಪ್ಪಿಟ್ಟು ತಿಂದು, ಕೈ ತೊಳೆದು, ಆ ಕೇಂದ್ರದ ಈಗಿನ ಮುಖ್ಯಸ್ಥರಿಗೆ ತಾನೇ ಫೋನ್ ಮಾಡಿದಳು. ಸಂದರ್ಶನದ ಪತ್ರದಲ್ಲಿ ಅವರ ನಂಬರಿತ್ತು. ಭಾನುವಾರ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಬೇಕೆಂದಳು. ತಾನು ಕಳಿಸಿದ ವಿಷಯ ನಿಲ್ಲುವುದಿಲ್ಲವೆಂದೂ, ಮೊಟ್ಟೆಗಳನ್ನು ತಡೆದದ್ದು ಪಾಚಿಯ ಪ್ರೋಟೀನಲ್ಲ, ತಮ್ಮ ಮನೆಯ ನೀರಿನ ಪಟಕವೆಂದೂ ಅಚ್ಚ ಬರವಣಿಗೆಯ ಕನ್ನಡದಲ್ಲಿ ಹೇಳಿದಳು. ಫೋನಿನ ಧ್ವನಿ ಕೋಣೆಗೆಲ್ಲ ಕೇಳುವಂತಿತ್ತು.

“ಹಾಗಾದರೆ ಮಂಗಳವಾರ ಏನು ತೋರಿಸ್ತೀರಿ?” ಎಂದು ಆ ಕಡೆಯಿಂದ ಕೇಳಿದರು.

ಇವಳ ಬರವಣಿಗೆಯ ಕನ್ನಡ ಅಲ್ಲಿಗೆ ಮುಗಿಯಿತು. “ನಾಕು ತಟ್ಟಿ ತೋರಸ್ತೀನ್ರಿ ಮೇಡಮ್. ಮದಲ ಎರಡ ಮಾಡಿದ್ನಿ, ಅದು ತಪ್ಪಾತು. ಎರಡು ಹೆಚ್ಚಿಗಿ ಯಾಕ ಬೇಕು ಅನ್ನೂದು ಹೇಳ್ತೀನ್ರಿ.”

ಪಾಚಿ ನಿರಪರಾಧಿ ಎಂದು ಈಗ ಹೇಳಬಹುದೇ ಎಂದು ಅವರು ಕೇಳಿದರು. ಅದು ಎಡವಿಸುವ ಪ್ರಶ್ನೆ. ನಾನು ಬಾಯಿ ತೆರೆಯುವವನಿದ್ದೆ, ಖೈರುನ್ನಿಸಾ ನನ್ನ ಮೊಣಕೈ ಹಿಡಿದಳು.

“ಹೇಳಾಕ ಬರಂಗಿಲ್ರಿ,” ಎಂದಳು ಮಂಜುಳಾ. “ಪಟಕ ಮುಂದ ನಿಂತೈತಿ. ಅದರ ಹಿಂದ ಪಾಚಿ ಏನ್ ಮಾಡೇತಿ ಅನ್ನೂದು ಕಾಣಂಗಿಲ್ಲ. ಛಲೋ ನೀರಿನ್ಯಾಗ ಮತ್ತೊಮ್ಮೆ ಮಾಡಬೇಕ್ರಿ.”

“ಮಂಗಳವಾರ ಹತ್ತಕ್ಕೆ ಬನ್ನಿ. ಆಯ್ಕೆ ಬೇರೆ ಮಾತು,” ಎಂದು ಫೋನ್ ಇಟ್ಟರು.

ಆಯ್ಕೆ ಬೇರೆ ಮಾತೇ. ಇದನ್ನು ಬರೆಯುವ ಹೊತ್ತಿಗೂ ಅದು ನನಗೆ ಗೊತ್ತಿಲ್ಲ. ಆ ಕೆಂಪು ಪಾಚಿಯ ಪ್ರೋಟೀನು ಆರ್ಟೀಮಿಯಾ ಮೊಟ್ಟೆಗೆ ಏನು ಮಾಡುತ್ತದೆಂಬುದೂ ಗೊತ್ತಿಲ್ಲ. ಈ ಕೆಲಸಕ್ಕೆ ಬರುವವರು ಗೊತ್ತಿಲ್ಲ ಎನ್ನುವುದನ್ನು ಸಂಬಳದ ದಿನವೂ ಹೇಳಲು ತಯಾರಿರಬೇಕು.

ಶಾಂತವ್ವ ಡಬ್ಬಿ ಎತ್ತಿಕೊಂಡು ಎದ್ದರು. ಖಾನಾವಳಿಗೆ ಮಧ್ಯಾಹ್ನದ ರೊಟ್ಟಿ ಬಡಿಯುವ ಹೊತ್ತಾಗಿತ್ತು. ಹೊಸ್ತಿಲಲ್ಲಿ ನಿಂತು, ಪಟಕ ಹಾಕಿದ ನೀರು ಮನುಷ್ಯರು ಕುಡಿಯಬಹುದೋ ಇಲ್ಲವೋ ಎಂದು ಕೇಳಿದರು. ಕುಡಿಯಬಹುದು, ಅಳತೆ ಮೀರಬಾರದು ಎಂದೆ. “ಹಂಗಾರ ಆ ಸಮುದ್ರದ ಹುಳ ಭಾಳ ನಾಜೂಕು,” ಎಂದು ಹೋದರು.

ಉಳಿದದ್ದು ಗಾಜು ತೊಳೆಯುವ ಕೆಲಸ. ನಮ್ಮ ಕೇಂದ್ರದಲ್ಲಿ ಅದು ಮುಗಿಯದೆ ದಿನ ಮುಗಿಯುತ್ತಿರಲಿಲ್ಲ, ಮನೆಯಲ್ಲೂ ಮುಗಿಯುವುದಿಲ್ಲ. ಒಂದನೆಯ ತಟ್ಟೆಯ ಮರಿಗಳನ್ನು ಮಂಜುಳಾ ಒಂದು ಜಾಡಿಗೆ ಬಗ್ಗಿಸಿದಳು. ಮೀನಿನ ಅಂಗಡಿಯವನು ತನ್ನ ಮೀನಿಗೆ ಕೇಳಿದ್ದ. ಉಳಿದ ಮೂರನ್ನು ಚೆಲ್ಲಿ, ನಾಲ್ಕನ್ನೂ ಉಜ್ಜಿ, ನಲ್ಲಿಯ ಕೆಳಗೆ ಹಿಡಿದು ಜಾಲಾಡಿಸಿದಳು. ಕಡೆಯ ಸಲಕ್ಕೆ ಶುದ್ಧ ನೀರು ಬೇಕು. ಖೈರುನ್ನಿಸಾ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ತಂಬಿಗೆ ತುಂಬಿಟ್ಟು ಹೋಗಿದ್ದಳು. ಮಂಜುಳಾ ಅದನ್ನೆತ್ತಿ ತಟ್ಟೆಯ ಮೇಲೆ ಬಗ್ಗಿಸಲು ಹೋದವಳು ಹಾಗೇ ತಡೆದಳು.

“ಕಾಕಾರ, ಈ ನೀರು ಎಲ್ಲಿದ್ರಿ?”

ಬ್ಯಾಟರಿ ಅಂಗಡಿಯ ಕ್ಯಾನಿನದು, ನಿನ್ನೆ ಸಂಜೆ ನಾನೇ ತಂದದ್ದು, ತಂಬಿಗೆಯನ್ನೂ ಅದೇ ನೀರಿನಲ್ಲಿ ತೊಳೆದದ್ದು ಎಂದೆ. ಅವಳು ತಲೆಯಾಡಿಸಿ ನೀರು ಬಗ್ಗಿಸಿದಳು. ನಾಲ್ಕು ತಟ್ಟೆಗಳನ್ನೂ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿದೆವು.